ಸ್ಕ್ಯಾನರಿನಲ್ಲಿ ಹತ್ತು

ಹತ್ತು, ಮತ್ತೆ ಹತ್ತು, ಇಂಜಿನ್ ಗಡಗಡ ನಡುಗುತ್ತಿದ್ದರೂ ಸ್ಕ್ಯಾನರಿನ ಪರದೆಯ ಮೇಲಿನ ಹತ್ತು ಅಲ್ಲಾಡುತ್ತಿಲ್ಲ, ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಪಾಲು ಮಾತ್ರ ಸ್ಪಿರಿಟ್, ಅದೇ ಎಥೆನಾಲ್, ಎಂದು ಆ ಮುಷ್ಟಿಯಷ್ಟು ಸೆನ್ಸರ್ ಹೇಳುತ್ತದೆ, ಇಂಜಿನ್ನಿನ ಕಂಪ್ಯೂಟರ್ ನಂಬುತ್ತದೆ, ನಿನ್ನೆ ನಾನೂ ನಂಬಿದೆ — ಆಫ್ ಮಾಡಿಬಿಡೋಣ, ಈ ಗದ್ದಲದಲ್ಲಿ ಯೋಚನೆಯೇ ಓಡುವುದಿಲ್ಲ. ಟೀಚರ್ ಕಾರು ಇದು, ಬೆಳಿಗ್ಗೆ ಸ್ಟಾರ್ಟೇ ಆಗಲ್ಲಮ್ಮ, ಸ್ಟಾರ್ಟ್ ಆದ್ರೂ ಸಿಗ್ನಲ್‌ನಲ್ಲಿ ಜಗ್ಗಿ ಜಗ್ಗಿ ಮಾನ ಕಳೆಯುತ್ತೆ, ಯಾವ ಪೆಟ್ರೋಲ್ ಹಾಕಿಸ್ತೀರಿ ಟೀಚರ್, ಅಯ್ಯೋ, ಪೆಟ್ರೋಲೋ ಸ್ಪಿರಿಟ್ಟೋ ಏನು ಕೊಟ್ರೂ ಕುಡಿಯುತ್ತೆ ಅಂತ ಶೋರೂಮಿನೋರೇ ಹೇಳಿದ್ರಲ್ಲ, ನಾನ್ಯಾಕೆ ನೋಡ್ಲಿ! ಕುಡಿಯುವುದೇನೋ ನಿಜ, ಏನು ಕುಡಿದೆ ಅಂತ ಸೆನ್ಸರ್ ಸರಿಯಾಗಿ ಹೇಳಬೇಕಷ್ಟೇ. ಇವರಿದ್ದಿದ್ದರೆ ಈ ಮಾತಿಗೆ ನಗುತ್ತಿದ್ದರು, ಇವರಿಲ್ಲ, ಬೆಳಕು ಹರಿಯುವ ಮುಂಚೆಯೇ ಎದ್ದು ಅಕ್ಕನ ಮನೆಗೆ ಹೋದರು, ಹೆಂಡತಿ ಮುನಿಸಿಕೊಂಡು ತವರಿಗೆ ಹೋಗುವುದನ್ನು ಕೇಳಿದ್ದೆ, ಗಂಡ ಹೋಗುವುದನ್ನು ನಮ್ಮನೆಯಲ್ಲೇ ನೋಡಬೇಕು — ತಮಾಷೆ ಸಾಕು, ಬಾಗಿಲಲ್ಲಿ ನಿಂತು ಅಂದದ್ದು ಅಷ್ಟೇ, ನೀನೇ ನಂಬದ ಮೇಲೆ ಕುಡಿಯೋದು ಬಿಟ್ಟು ಏನು ಬಂತು ಹೇಳು. ಬಿಟ್ಟು ಏನು ಬಂತು. ಅಕ್ಕನ ಮನೆಯ ದಾರಿಯಲ್ಲಿ ಎಷ್ಟು ಬಾರ್‌ಗಳಿವೆ ಎಂದು ನೆನೆಸಿಕೊಳ್ಳಬಾರದು, ನೆನಪಾಗುತ್ತವೆ.

ಸೆನ್ಸರ್ ಹೇಳಿದ್ದು ನಿಜವೇ ಎಂದು ಅಳೆದೇ ನೋಡಿಬಿಡೋಣ, ನೀರು ಇಷ್ಟು ಸಾಕು, ಬಾಟಲಿಯ ಮೂರನೇ ಒಂದು ಪಾಲು, ಅಲ್ಲಿಗೊಂದು ಟೇಪು ಅಂಟಿಸಿ, ಅದರ ಮೇಲೆ ಕ್ಯಾನಿನ ಪೆಟ್ರೋಲು, ನಿನ್ನೆ ಇವರು ಟ್ಯಾಂಕ್ ಇಳಿಸಿ ಸೋಸಿ ಮತ್ತೆ ತುಂಬಿಸಿದ ಮೇಲೆ ಉಳಿದದ್ದು. ಆ ಹೊತ್ತಿಗೆ ನಾನು ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ, ಆಟೋದಲ್ಲಿ ಅಮ್ಮ ಮೂಗು ಮುಚ್ಚಿಕೊಂಡಳು, ನಿನ್ನ ಮೈಯೆಲ್ಲ ಪೆಟ್ರೋಲು ನಾತ ಕಣೇ, ಹೌದಾ, ನನಗೆ ಬರೋದೇ ಇಲ್ಲಮ್ಮ, ಗ್ಯಾರೇಜಿಗೆ ಬಂದ ಮೇಲೆ ನನ್ನ ಮೂಗಿಗೆ ಪೆಟ್ರೋಲು ಸತ್ತೇ ಹೋಗಿದೆ, ಮಿಕ್ಕಿದ್ದೆಲ್ಲ ಬರುತ್ತದೆ — ಸಂಜೆ ಇವರು ಬಾಗಿಲು ತೆಗೆದರು, ಗಪ್ಪೆಂದು ಹೊಡೆಯಿತು ಸ್ಪಿರಿಟ್ಟು, ಆ ಹಳೆಯ ರಾತ್ರಿಗಳ ವಾಸನೆ, ಕುಡಿದಿದ್ದೀರಾ, ಇಲ್ವೇ, ಟ್ಯಾಂಕ್ ಇಳಿಸುವಾಗ ಮೈಮೇಲೆ ಚೆಲ್ಲಿಕೊಂಡೆ, ಯಾರ ಕಿವಿಗೆ ಹೂವಿಡ್ತೀರಿ, ಅದರಲ್ಲಿ ಸ್ಪಿರಿಟ್ ಇರೋದೇ ಹತ್ತು ಪಾಲು, ಸ್ಕ್ಯಾನರ್‌ನಲ್ಲಿ ನಾನೇ ನೋಡಿದೀನಿ, ಚೆಲ್ಲಿದ್ರೆ ಪೆಟ್ರೋಲ್ ವಾಸನೆ ಎಲ್ಲಿ ಹೋಯ್ತು? ಎಂದೆ, ನನ್ನ ಸತ್ತ ಮೂಗನ್ನು ಮರೆತು. ಆಗ ಇವರು ಎರಡೂ ಅಂಗೈ ಮುಂದೆ ಚಾಚಿದರು, ಮೂಸಿ ನೋಡೇ, ಬಾಯಿಂದಲ್ಲ, ಕೈಯಿಂದ ಬರ್ತಿರೋದು, ಊಟಕ್ಕೆ ಮುಂಚೆ ಕೈ ತೊಳೆದದ್ದನ್ನು ಮಕ್ಕಳು ತೋರಿಸುವ ಹಾಗೆ, ನಾನು ಮುಖ ತಿರುಗಿಸಿ ಒಳಗೆ ಹೋದೆ. ಈಗ ಮುಚ್ಚಳ, ಚೆನ್ನಾಗಿ ಕುಲುಕು, ಸ್ಪಿರಿಟ್ಟು ನೀರಿನ ಜೊತೆ ಸೇರುತ್ತದೆ, ಪೆಟ್ರೋಲು ಮೇಲೆ ತೇಲುತ್ತದೆ, ಹತ್ತೇ ಪಾಲಾದರೆ ನೀರು ಟೇಪಿನಿಂದ ಒಂದು ಚೂರು ಏರಬೇಕು, ಇಳಿಯಲಿ, ತಿಳಿಯಾಗಲಿ, ಅಯ್ಯೋ, ಎಲ್ಲಿಗೆ ಏರಿತು ಇದು, ಕುತ್ತಿಗೆಯ ಹತ್ತಿರಕ್ಕೇ, ಪೆಟ್ರೋಲು ಹಾಲಿನ ಕೆನೆಯಷ್ಟು ಮಾತ್ರ. ಅಂದರೆ ಕಾರು ಕುಡಿದದ್ದು ಹೆಚ್ಚುಕಡಿಮೆ ಸ್ಪಿರಿಟ್ಟೇ, ಇವರ ಮೈಮೇಲೆ ಚೆಲ್ಲಿದ್ದೂ ಅದೇ.

ಹಿಂದೆ ನಿಂತಿರುವ ಗುಜರಿ ಕಾರೂ ಇದೇ ಮಾದರಿ, ಅದರ ಸೆನ್ಸರ್ ಬಿಚ್ಚಿ ಇದಕ್ಕೆ ಹಾಕಿದೆ, ಕೀಲಿ ತಿರುಗಿಸಿದೆ, ಸ್ಕ್ಯಾನರಿನಲ್ಲಿ ಎಪ್ಪತ್ತೆಂಟು, ನಡುಕ ನಿಧಾನಕ್ಕೆ ನಿಂತು ಇಂಜಿನ್ ಮೆತ್ತಗೆ ಗುನುಗತೊಡಗಿತು, ಖುಷಿಯಾಗಬೇಕಿತ್ತು. ಶಟರ್ ಹತ್ತಿರ ನೆರಳು, ಬಂದರು, ಕುಡಿದಿಲ್ಲ, ಛೆ, ಮೊದಲು ನೋಡಿದ್ದೇ ಅದನ್ನಲ್ಲವೇ ನಾನು, ಎಂಥ ಹೆಂಗಸಪ್ಪ, ಸೆನ್ಸರ್ ಕೆಟ್ಟಿತ್ತು ರೀ, ತಪ್ಪಾಯ್ತು, ನೋಡಿ ಇಲ್ಲಿ ಎಂದು ಬಾಟಲಿ ಎತ್ತಿ ಹಿಡಿದೆ, ಇವರು ಹತ್ತಿರ ಬರಲಿಲ್ಲ, ಅಲ್ಲಿಂದಲೇ ನೋಡಿದರು, ಸಿಟ್ಟಿಲ್ಲ, ದನಿ ಎಂದಿನಂತೆಯೇ, ಓ, ಬಾಟಲಿ ಹೇಳಿದ್ಮೇಲೆ ನಂಬಿದೆಯಾ, ಸರಿ, ನಾನು ಬಟ್ಟೆ ತಗೊಂಡು ಹೋಗೋಕೆ ಬಂದೆ. ಹಿಂದಿನ ಮನೆಯೊಳಗೆ ಬೀರುವಿನ ಬಾಗಿಲು ತೆರೆದ ಸದ್ದು, ಹ್ಯಾಂಗರುಗಳ ಸದ್ದು, ಹೋಗಿ ತಡೆಯಬೇಕು, ಏನಂತ, ಇನ್ನು ಮೇಲೆ ನಂಬುತ್ತೇನೆ ಅಂತಲೇ, ಅಳೆದು ನೋಡಿದ ಮೇಲೆ ಯಾರು ಬೇಕಾದರೂ ನಂಬುತ್ತಾರೆ, ಇಂಜಿನ್ ಎಷ್ಟು ಚೆನ್ನಾಗಿ ಓಡುತ್ತಿದೆ, ಮೂಸಿ ನೋಡೇ, ಒಂದು ಹೆಜ್ಜೆ ಸಾಕಿತ್ತು, ಬಗ್ಗಿದ್ದರೆ ಸಾಕಿತ್ತು, ಮೂಸದಿದ್ದರೂ ಹಿಡಿದುಕೊಂಡಿದ್ದರೆ — ಎರಡು ಅಂಗೈ, ಸೋಪಿನಿಂದ ಉಜ್ಜಿ ಉಜ್ಜಿ ಕೆಂಪಾದ ಎರಡು ಅಂಗೈ