ತಡವಾಗಿ ಬೀಳುವ ಹಿಮ್ಮಡಿ

ತೆರೆಯ ಮೇಲೆ ಆ ಕಾಲುಗಳು ಮತ್ತೆ ಬಂದವು, ನೀರೊಳಗೆ ಬಾಯಾಡಿಸುವ ಮೀನಿನಂತೆ, ಸದ್ದೇ ಇಲ್ಲ — ಕಾಲು ನಾಯಕಿ ಲೊರೇನ್ ವೇಲ್‌ಳದು, ಸದ್ದು ಥೆಲ್ಮಾಳದಾಗಬೇಕು, ಕತ್ತಲೆ ಕೋಣೆಯ ಮೇಪಲ್ ಹಲಗೆಯ ಮೇಲೆ ಟ್ಯಾಪ್ ಕುಣಿತದ ಶೂವಿನ ತಗಡು ಬಡಿದು ಬಡಿದು, ಕಿವಿಯಲ್ಲಿ ವಾದ್ಯಗೋಷ್ಠಿ, ಕಣ್ಣು ಆ ಪಾದಗಳ ಮೇಲೆ. ನಾಲ್ಕನೆಯ ಸಲ ಚೆನ್ನಾಗಿಯೇ ಬಂತು, ಇನ್ನೊಂದು ಸಲ ಮಾಡಿಬಿಡೋಣ ಕಣಮ್ಮ, ಇರಲಿ ಅಂತ, ಅಂದ ಗಾಜಿನಾಚೆ ಕೂತ ಧ್ವನಿಗ್ರಾಹಕ ಹ್ಯಾಸ್ಕೆಲ್. ನಿನ್ನೆ ಮೂರನೆಯದರಲ್ಲಿ ಒಂದು ಟಪ್ ಹೆಚ್ಚು ಹಾಕಿ ಸಿಕ್ಕಿಬಿದ್ದಿದ್ದಳು. ಏನಮ್ಮಾ ಥೆಲ್ಮಾ, ಆ ಹುಡುಗಿ ಕಾಲೇ ಎತ್ತಲಿಲ್ಲ, ಸದ್ದೇನು ಮೊಣಕಾಲಿಂದ ಬಂತಾ? ತಪ್ಪಾಯ್ತು ಮಿಸ್ಟರ್ ಹ್ಯಾಸ್ಕೆಲ್. ತಪ್ಪಾಗಿರಲಿಲ್ಲ, ಅದು ತಮ್ಮ ಎಮಿಲ್‌ನ ಹಿಮ್ಮಡಿ, ಊರು ಒಮಾಹಾದಲ್ಲಿ ಅಪ್ಪನ ಬೇಕರಿಯ ಹಿಂದಿನ ಹಲಗೆನೆಲ, ಅವಳಿಗೆ ಹತ್ತು, ತಮ್ಮನಿಗೆ ಆರು, ಅವಳ ಹಳೇ ಶೂ ಅವನ ಕಾಲಿಗೆ, ಎರಡು ಬೆರಳು ಸಡಿಲ, ಪಾದ ಊರಿದ ಮೇಲೆ ಹಿಮ್ಮಡಿ ನಿಧಾನವಾಗಿ ಬಂದು ಟಪ್ಪೆನ್ನುತ್ತಿತ್ತು, ಎಲ್ಲರದೂ ಮುಗಿದ ಮೇಲೆ ಒಂದೇ ಒಂದು, ಲೋ ಎಮಿಲ್, ನಿನ್ನ ಕಾಲು ಸೋಮವಾರ ಬರುತ್ತೆ, ಹಿಮ್ಮಡಿ ಮಂಗಳವಾರ ಬರುತ್ತೆ ಅಂತ ಅಪ್ಪ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿ ನಗುತ್ತಿದ್ದ. ಈಗ ಎಮಿಲ್ ಯುದ್ಧದ ಹಡಗಿನಲ್ಲಿ, ಯಾವ ಕಡಲೋ, ಹೆಸರಿದ್ದಲ್ಲೆಲ್ಲ ಪತ್ರದಲ್ಲಿ ಸೇನೆಯ ತಪಾಸಣೆಯವರ ಬ್ಲೇಡು ಕೊರೆದ ಚೌಕ ಕಿಂಡಿ. ಕಿಂಡಿಗಳ ನಡುವೆ ಉಳಿದದ್ದು ಇಷ್ಟು — ಅಕ್ಕಾ, ಹಡಗಿನ ಮೇಲೆ ಸಿನಿಮಾ ಹಾಕ್ತಾರೆ, ಎರಡು ಕಂಬದ ಮಧ್ಯೆ ಬಿಳೀ ಬಟ್ಟೆ, ಗಾಳಿ ಬಂದ್ರೆ ನಾಯಕಿಗೆ ಏಳು ತಿಂಗಳು ತುಂಬಿದ ಹಾಗೆ ಹೊಟ್ಟೆ, ನಮಗೆ ಮುಂದೆ ಜಾಗ ಸಿಗಲ್ಲ, ಬಟ್ಟೆಯ ಹಿಂದೆ ಕೂರ್ತೀವಿ, ಎಡಗಾಲು ಬಲಗಾಲಾಗುತ್ತೆ, ಆದ್ರೆ ಸದ್ದು ತಿರುಗುಮುರುಗಾಗಲ್ಲ ನೋಡು, ನಿನ್ನ ಸದ್ದು ನಿನ್ನದೇ, ಪಕ್ಕದವನಿಗೆ ಇದು ನಮ್ಮಕ್ಕನ ಕಾಲು ಅಂದೆ, ಅವನು ಹೌದಪ್ಪಾ, ನಾಯಕಿ ನಮ್ಮ ಅತ್ತೆ ಅಂದ, ನಕ್ಕೂ ನಕ್ಕೂ ಸಾಕಾಯ್ತು, ಹಿಂದಿನ ದಿನ ನಮ್ಮಲ್ಲಿ ಮೂವರು — ಅಲ್ಲಿ ಮತ್ತೆ ಕಿಂಡಿ. ಆ ಪತ್ರ ಬಂದು ಒಂಬತ್ತು ವಾರ, ಆಮೇಲೆ ಇನ್ನೊಂದಿಲ್ಲ. ಅದಕ್ಕೆ ಮೊದಲು ಅವಳಿಗೂ ಈ ಚಿತ್ರಗಳೆಂದರೆ ಅಷ್ಟಕ್ಕಷ್ಟೇ, ಯುದ್ಧದ ನಡುವೆ ಮಿಂಚಿನ ಲಂಗ, ಮದುವೆಯಲ್ಲಿ ಮುಗಿಯುವ ಕಥೆ, ಸ್ಟುಡಿಯೋದವರು ಹುಡುಗರಿಗೆ ಉಲ್ಲಾಸ ಉಲ್ಲಾಸ ಎಂದಾಗ ತುಟಿ ಕೊಂಕಿಸುತ್ತಿದ್ದಳು, ಈಗ ಕೊಂಕಿಸುವುದಿಲ್ಲ, ಒಂದೂವರೆ ಗಂಟೆ ಎಂದರೆ ಒಂದೂವರೆ ಗಂಟೆಯೇ, ಬಟ್ಟೆ ಗಾಳಿಗೆ ಉಬ್ಬುತ್ತಿರುವಷ್ಟು ಹೊತ್ತು ಅವರು ಅಲ್ಲಿ ಕೂತಿರುತ್ತಾರೆ.

ಐದನೆಯದು, ಕೆಂಪು ದೀಪ, ಈ ಸಲ ಟಪ್ ಅಡಗಿಸುವ ಜಾಗ ಗೊತ್ತು, ರಾತ್ರಿಯೆಲ್ಲ ಲೆಕ್ಕ ಹಾಕಿದ್ದಾಳೆ, ನಾಯಕಿ ಗಿರ್ರನೆ ತಿರುಗುವಾಗ ಲಂಗ ಇಳಿದು ಪಾದ ಮುಚ್ಚುತ್ತದೆ, ಫಿಲ್ಮಿನ ಹದಿನಾರು ಚೌಕಟ್ಟು, ಸೆಕೆಂಡಿಗೆ ಇಪ್ಪತ್ತನಾಲ್ಕು, ಅಂದರೆ ಸೆಕೆಂಡಿನ ಮೂರನೇ ಎರಡು ಭಾಗ, ಆ ಹೊತ್ತು ಪಾದ ಏನು ಮಾಡಿತೆಂದು ಜಗತ್ತಿನಲ್ಲಿ ಯಾರೂ ಹೇಳಲಾರರು, ಸಿಕ್ಕಿಬಿದ್ದರೆ ನಾಳೆಯಿಂದ ಈ ಹಲಗೆಯ ಮೇಲೆ ಬೇರೆ ಹುಡುಗಿ, ಆಗ ಅವನಿಗೆ ಅವಳ ಸದ್ದೇ ಇಲ್ಲ, ಬೇಡ, ಬೇಡವೇ ಬೇಡ, ತಿರುಗಿದಳು, ಲಂಗ ಇಳಿಯಿತು, ಟಪ್. ದೀಪ ಆರಿತು. ಹ್ಯಾಸ್ಕೆಲ್ ಕಿವಿಯ ಹೆಡ್‌ಫೋನ್ ಕಳಚಿದ, ಹದಿನೈದು ವರ್ಷ ಕೇಳಿಸಿಕೊಂಡ ಕಿವಿ, ಲಂಗದೊಳಗೆ ಏನೋ ನಡೀತಲ್ಲಮ್ಮಾ. ಯಾರಿಗದು? ತಮ್ಮನಿಗೆ. ಎಲ್ಲಿದಾನೆ? ಹೇಳೋಕಾಗಲ್ಲ, ನಂಗೂ ಗೊತ್ತಿಲ್ಲ. ಹ್ಯಾಸ್ಕೆಲ್ ಕನ್ನಡಕ ಒರೆಸಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು, ಕಾಣದ ಕಾಲಿನ ಮೇಲೆ ನಾನು ದೂರು ಹೇಳಕ್ಕಾಗಲ್ಲ ಬಿಡು, ಚೀಟಿಯಲ್ಲಿ ಐದನೆಯದು ಎಂದು ಬರೆದ, ನಾಲ್ಕನೆಯದಕ್ಕೆ ಗೀಟು ಹೊಡೆದ, ಹೋಗು, ಕಾಫಿ ಕುಡಿ. ಟಪ್ ಉಳಿಯಿತು, ಅಳಿಸಲಾಗದಂತೆ ಉಳಿಯಿತು, ಇನ್ನು ಸಂಕಲನ, ಪ್ರತಿ, ಡಬ್ಬಿ, ರೈಲು, ಹಡಗು, ಬೇಗ ಎಂದರೂ ಹತ್ತು ವಾರ, ಒಂಬತ್ತಕ್ಕೆ ಹತ್ತು ಸೇರಿದರೆ — ಸೇರಿಸಬಾರದು, ಶೂವಿನ ದಾರ ಬಿಚ್ಚಬೇಕು, ಬೆರಳಿಗೆ ಗಂಟು ಸಿಗುತ್ತಿಲ್ಲ, ಕಣ್ಣ ಮುಂದೆ ಕಂಬಗಳ ನಡುವೆ ಬಟ್ಟೆ, ಬಟ್ಟೆಯ ಹಿಂದೆ ನಾವಿಕರ ಬಿಳೀ ಟೋಪಿಗಳು, ಸಾಲು ಸಾಲು, ಎಲ್ಲರದೂ ಮುಗಿದ ಮೇಲೆ ಒಂದೇ ಒಂದು ಟಪ್, ಇದು ನನ್ನ ಹಿಮ್ಮಡಿ ಎಂದು ಒಬ್ಬ ಪಕ್ಕದವನತ್ತ ತಿರುಗಬೇಕು, ಒಂದು ಟೋಪಿ, ಒಂದೇ ಒಂದು, ಅವಳು ಸಾಲಿನಿಂದ ಸಾಲಿಗೆ ಹೋಗುತ್ತಿದ್ದಾಳೆ, ಟೋಪಿಗಳು ಅಲುಗುತ್ತಿಲ್ಲ, ಗಾಳಿ ಬಂತು, ಬಟ್ಟೆ ಉಬ್ಬಿತು, ಉಬ್ಬಿಕೊಂಡೇ ನಿಂತಿತು.