ಒಂದು ಬೆರಳೂ ತಪ್ಪಿಲ್ಲ

ಸೂಜಿ ಚುಚ್ಚಲು ನರ್ಸ್ ಬಂದಾಗ ಅಮ್ಮ ಎರಡೂ ಕೈಗಳನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಳು.

“ಹತ್ತು ನಿಮಿಷ ತಡೀರಿ ಸಿಸ್ಟರ್,” ಎಂದ ಮಗ. “ಅಮ್ಮಂಗೆ ಕಿವಿ ಕೇಳ್ಸಲ್ಲ, ಮಾತೂ ಬರಲ್ಲ. ಕೈಯೇ ಅವಳ ಬಾಯಿ. ಅಕ್ಕನ ಹತ್ರ ಮಾತಾಡ್ಬೇಕಂತೆ.”

“ಬೇಗ ಮುಗಿಸ್ರಿ. ಹನ್ನೊಂದಕ್ಕೆ ಆಪರೇಷನ್ನು.”

ಅಕ್ಕ ದೂರದ ದೇಶಕ್ಕೆ ಯಾರದೋ ಮನೆಯ ಮುದುಕನನ್ನು ನೋಡಿಕೊಳ್ಳಲು ಹೋಗಿ ಎರಡು ವರ್ಷವಾಗಿತ್ತು. ಹೊರಟ ದಿನ ಅಮ್ಮ ಬಾಗಿಲಿಗೆ ಅಡ್ಡ ನಿಂತು, ಇನ್ನು ಮುಖ ತೋರಿಸಬೇಡ ಎಂದು ಸನ್ನೆ ಮಾಡಿದ್ದಳು. ಅಕ್ಕ ತೋರಿಸಿರಲಿಲ್ಲ. ಎದೆ ಸೀಳುತ್ತಾರೆ, ಏಳುವುದು ಖಾತ್ರಿಯಿಲ್ಲ ಎಂದು ಗೊತ್ತಾದ ಮೇಲೆ ಅಕ್ಕನ ಮುಖ ನೋಡಬೇಕೆಂದು ಅಮ್ಮನೇ ಕೇಳಿದ್ದಳು. ನಿನ್ನ ಬಾಯಲ್ಲಿ ಬೇಡ, ನಾನೇ ಹೇಳಬೇಕು ಎಂದು ಮಗನಿಗೆ ಸನ್ನೆ ಮಾಡಿದ್ದಳು.

ಅಕ್ಕನಿರುವ ದೇಶದಲ್ಲಿ ವಿಡಿಯೋ ಕರೆಗೆ ತಡೆ. ವಿಪಿಎನ್ ಹಾಕಿಕೊಂಡರೆ ಫೋನು ಬೇರೆ ದೇಶದಲ್ಲಿರುವಂತೆ ತೋರಿ ಆ ತಡೆಯ ಕಣ್ಣು ತಪ್ಪುತ್ತದೆ. ಅಕ್ಕನ ಸಂದೇಶ ಬಂತು:

“ರೆಡಿ ಕಣೋ. ಹೊಸ ವಿಪಿಎನ್ ಹಾಕ್ಕೊಂಡೆ. ಬಳಸಿದವರು ಬರೆದಿದ್ದೆಲ್ಲಾ ಓದೇ ತಗೊಂಡಿದ್ದು. ನಮ್ ಥರಾನೇ ಒಬ್ಬಳಿದಾಳೆ ನೋಡು. ‘ನನ್ನ ತಾಯಿಗೆ ಕಿವಿ ಕೇಳಿಸದು. ದಿನವೂ ಸನ್ನೆಯಲ್ಲಿ ಮಾತಾಡುತ್ತೇವೆ. ಒಂದು ಬೆರಳೂ ತಪ್ಪಿಲ್ಲ’ ಅಂತ ಬರ್ದಿದಾಳೆ. ಓದಿ ಅಳು ಬಂತು.”

ಅವನು ಮತ್ತೊಮ್ಮೆ ಓದಿದ. ಅದನ್ನು ಬರೆದ ಹೆಂಗಸು ಅವನೇ.

ಪ್ರೆಸ್ಸಿನ ಮೇಲಿನ ಕಿಟಕಿಯಿಲ್ಲದ ಕೋಣೆಯಲ್ಲಿ ಬಳಸಿದವರ ಹೆಸರಲ್ಲಿ ದಿನಕ್ಕೆ ನಲವತ್ತು ಸುಳ್ಳು ಅನುಭವ ಬರೆಯುವುದು ಅವನ ಕೆಲಸ. ಒಮ್ಮೆ ಲಾರಿ ಡ್ರೈವರ್, ಒಮ್ಮೆ ಬಸುರಿ, ಒಮ್ಮೆ ನಿವೃತ್ತ ಮೇಷ್ಟ್ರು. ಆ ವಿಪಿಎನ್ನನ್ನು ಅವನು ಕಣ್ಣಲ್ಲೂ ಕಂಡಿರಲಿಲ್ಲ. ವೇಗ ಚೆನ್ನಾಗಿದೆ ಎಂದು ಬರೆದರೆ ಅಲ್ಲಿನ ಮೇಲ್ವಿಚಾರಕಿ ಹಾಳೆ ಮುಖಕ್ಕೆ ಹಿಡಿಯುತ್ತಿದ್ದಳು. “ಏನ್ರೀ ಇದು, ಔಷಧಿ ಚೀಟಿ ಇದ್ದಂಗಿದೆ! ಮನೆ ವಿಷ್ಯ ಹಾಕ್ರೀ. ಓದ್ದೋರ ಕಣ್ಣಲ್ಲಿ ನೀರು ಬರ್ಲಿ.” ಅವನು ಹಾಕಿದ್ದ. ಬೇರೆ ಯಾರ ಮನೆ ಗೊತ್ತಿತ್ತು ಅವನಿಗೆ?

ಅಕ್ಕನಿಗೆ ‘ಅದು ಬೇಡ, ಬೇರೆ ಹಾಕು’ ಎಂದು ಬರೆದ. ಯಾಕೆ ಎಂದು ಅವಳು ಕೇಳುತ್ತಾಳೆ. ಅಳಿಸಿದ. ಚೆನ್ನಾಗಿದ್ದರೂ ಇರಬಹುದಲ್ಲ, ಹಾಳಾದ್ದು. ಕರೆ ಒತ್ತಿ ಫೋನನ್ನು ಅಮ್ಮನ ಮುಂದೆ ಹಿಡಿದ.

ಅಕ್ಕ ಬಂದಳು. ಬಡಕಲಾಗಿದ್ದಳು. ಅಮ್ಮ ಗಾಜಿನ ಮೇಲೆ ಅವಳ ಕೆನ್ನೆ ಸವರಿದಳು. ಅಷ್ಟೇ. ಚಿತ್ರ ನಿಂತಿತು. ಅರೆಮುಚ್ಚಿದ ಕಣ್ಣು, ಬಿಗಿದ ತುಟಿ.

ಅಮ್ಮ ಶುರು ಮಾಡಿಬಿಟ್ಟಿದ್ದಳು. ಮುಖ ತೋರಿಸಬೇಡ ಅಂದದ್ದು ಸಿಟ್ಟಿನಲ್ಲಿ. ದಿನಾ ಬಾಗಿಲು ನೋಡಿದ್ದೇನೆ. ನಿನ್ನ ತಟ್ಟೆಯಲ್ಲಿ ಯಾರಿಗೂ ಬಡಿಸಿಲ್ಲ. ಬೆರಳುಗಳು ನಿಲ್ಲುತ್ತಿರಲಿಲ್ಲ. ಅವನು ಭುಜ ತಟ್ಟಿದ, ಕೊಡವಿಕೊಂಡಳು. ಕೊನೆಗೆ ಎರಡೂ ಅಂಗೈ ಎದೆಗೊತ್ತಿ, ಬಿಚ್ಚಿ, ಕಾದಳು.

ಅಕ್ಕನ ಮುಖ ಮಿಸುಕಲಿಲ್ಲ.

ಅವನು ಫೋನನ್ನು ಹಾಸಿಗೆಗೆ ಬಿಟ್ಟು ಎರಡೂ ಕೈಯಲ್ಲಿ ಹೇಳಿದ: ಚಿತ್ರ ನಿಂತಿದೆಯಮ್ಮ, ಅವಳಿಗೆ ಏನೂ ಕಂಡಿಲ್ಲ.

ಅಮ್ಮ ಅವನನ್ನೇ ನೋಡಿದಳು. ಅವಳ ಪರವಾಗಿ ಸುಳ್ಳು ಹೇಳಬೇಡ ಎಂದಳು. ಆಮೇಲೆ ಬಲಗೈ ಚಾಚಿ ನರ್ಸಿಗೆ ಒಪ್ಪಿಸಿದಳು.

ಸ್ಟ್ರೆಚರ್ ತಳ್ಳುವವನು ಬಂದ. “ಏನಮ್ಮಾ, ಹೊರಡೋಣ್ವಾ?”

“ಅವರಿಗೆ ಕಿವಿ ಕೇಳ್ಸಲ್ಲಪ್ಪ,” ಎಂದಳು ನರ್ಸ್.

“ಪುಣ್ಯವಂತರು ಬಿಡಿ. ನನ್ ಹೆಂಡ್ತಿ ದನಿ ಬೀದಿಗೆಲ್ಲಾ ಕೇಳ್ಸುತ್ತೆ.”

ಅಮ್ಮನನ್ನು ಎತ್ತಿ ಮಲಗಿಸಿಕೊಂಡು ತಳ್ಳಿದ. ಮಗ ಪಕ್ಕದಲ್ಲೇ ಓಡುತ್ತ, ನಿಜ, ನಿಜ, ನಿಜ ಎಂದು ಕೈಯಾಡಿಸಿದ. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಉದ್ದ ಓಣಿಯ ಕೊನೆಯ ಬಾಗಿಲು ಅವಳನ್ನು ಒಳಗೆ ತೆಗೆದುಕೊಂಡು ಮುಚ್ಚಿತು.

ವಾರ್ಡಿಗೆ ಮರಳಿದಾಗ ಖಾಲಿ ಹಾಸಿಗೆಯ ಮೇಲೆ, ಅಮ್ಮನ ಮೈ ಒತ್ತಿದ ತಗ್ಗಿನಲ್ಲಿ ಫೋನು ಅಂಗಾತ ಬಿದ್ದಿತ್ತು. ಚಿತ್ರ ಮತ್ತೆ ಬಂದಿತ್ತು. ತೊಳೆದಿಟ್ಟಷ್ಟು ಸ್ವಚ್ಛ. ತನಗೆ ಛಾವಣಿಯ ಫ್ಯಾನು ಮಾತ್ರ ಕಾಣುತ್ತಿದ್ದರೂ ಅಕ್ಕ ಕೈ ನಿಲ್ಲಿಸಿರಲಿಲ್ಲ. ಅಮ್ಮಾ, ಅಮ್ಮಾ, ಇಲ್ಲಿ ನೋಡು ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಒಂದೊಂದು ಬೆರಳನ್ನೂ ಎಣಿಸಬಹುದಿತ್ತು.