ನೆಲ್ಲಿನಂತೆ ನೆಟ್ಟ ನೀಲಗಿರಿ

"ಸಾಹೇಬ್ರ, ಈ ಸೂಗಪ್ಪ ಏಳನೆತ್ತಿಗೆ ಸಾಲಿ ಬಿಟ್ಟ ಎಮ್ಮಿ ರೀ. ಗಿಡಕ್ಕೂ ನೆಲ್ಲಿಗೂ ಫರಕ್ ಗೊತ್ತಿಲ್ಲ ಇಂವಗ. ಇಂವನ ಕೈಯಾಗ ಕೊಟ್ರ ಅಡವಿನೂ ಕಸಬರಿಗಿ ಆಗ್ತದ!"

ಹೀಗೆ ನನ್ನನ್ನು ಬೈದವನು ನನ್ನ ಚಿಕ್ಕಪ್ಪನ ಮಗ ತಾಯಣ್ಣ. ರಾಯಚೂರಿನಿಂದ ಜೀಪಿನಲ್ಲಿ ಬಂದ ಅರಣ್ಯ ಇಲಾಖೆಯ ಸಾಹೇಬರು ನಕ್ಕರು. ಗದ್ದೆಯಲ್ಲಿ ನೆಲ್ಲು ನಾಟಿ ಮಾಡುವ ಆದೆಮ್ಮನ ಗುಂಪಿನ ಹೆಂಗಸರೂ ನಕ್ಕರು. ಕಸಬರಿಗೆ ಎಂದದ್ದು ಚೆನ್ನಾಗಿಯೇ ಇತ್ತು, ಬೈಸಿಕೊಂಡವನು ಬೇರೆಯವನಾಗಿದ್ದರೆ ನಾನೂ ನಗುತ್ತಿದ್ದೆ.

ಬಾಗಲವಾಡದ ಕಾಲುವೆ ಪಕ್ಕದ ಸರಕಾರಿ ಜಾಗದಲ್ಲಿ ಎಂಬತ್ತೊಂದರ ಮಳೆಗಾಲದಲ್ಲಿ ನೀಲಗಿರಿ ಹಚ್ಚಿದ್ದರು. ಆಗಿನಿಂದ ಕಾಯುವವರು ನಾವಿಬ್ಬರೇ, ದಿನಗೂಲಿಯ ಮೇಲೆ. ಈಗ ಒಬ್ಬನನ್ನು ಖಾಯಂ ಮಾಡುತ್ತಾರಂತೆ, ಇನ್ನೊಬ್ಬ ಮನೆಗೆ. ಅದನ್ನು ತೀರ್ಮಾನಿಸಲೆಂದೇ ಸಾಹೇಬರು ಬಂದಿದ್ದರು. ತಾಯಣ್ಣ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ನಾನೂ ಹಾಕಿಕೊಂಡಿದ್ದೆ, ಅವನದೇ ಹಳೆಯದು.

ಸಸಿ ಬಂದ ದಿನ, ಹಚ್ಚದೆ ಒಂದೂ ಉಳಿಯಬಾರದೆಂದು ಮೇಲಿನಿಂದ ಹುಕುಂ ಆಗಿತ್ತು. ಎಷ್ಟು ದೂರಕ್ಕೊಂದು ಹಚ್ಚಬೇಕೆಂದು ಆದೆಮ್ಮ ಕೇಳಿದಾಗ ತಾಯಣ್ಣ ಬೀಡಿ ಸೇದುತ್ತ, "ನಿಮಗ ಹೆಂಗ ರೂಢಿ ಅದ ಹಂಗ ಹಚ್ರಬೇ" ಎಂದಿದ್ದ. ಆ ಹೆಂಗಸರ ಕೈಗೆ ರೂಢಿಯಿದ್ದದ್ದು ಗದ್ದೆ. ಸೊಂಟ ಬಗ್ಗಿಸಿ, ಹಿಂದಹಿಂದಕ್ಕೆ ಸರಿಯುತ್ತ, ಗೇಣಿಗೊಂದರಂತೆ ಅಡವಿಯನ್ನೇ ನಾಟಿ ಮಾಡಿಬಿಟ್ಟರು. ಸಸಿ ಎತ್ತಿಕೊಡುತ್ತಿದ್ದ ನನಗೂ ಅದು ಹಸಿರು ಚಾಪೆಯಂತೆ ಚೆಂದ ಕಂಡಿತ್ತು.

ಒಂದೇ ಬೀಜ, ಒಂದೇ ನೆಲ. ದಂಡೆಯ ಸಾಲು ಮಾತ್ರ ನೀರನ್ನೂ ಬಿಸಿಲನ್ನೂ ಬಾಚಿಕೊಂಡು ತೊಡೆ ದಪ್ಪ ಆಯಿತು. ಒಳಗಿನವು ಬೇರಿಗೆ ಬೇರು ಕಚ್ಚಾಡುತ್ತ, ಬೆಳಕಿಗೆ ಕುತ್ತಿಗೆ ಚಾಚುತ್ತ ಬಾರುಕೋಲಾದವು. ಎಷ್ಟೋ ನಿಂತಲ್ಲೇ ಒಣಗಿದವು. ನೀಲಗಿರಿಯನ್ನು ಆಡು ಕೂಡ ಮುಟ್ಟುವುದಿಲ್ಲ. ಅವುಗಳನ್ನು ಕೊಂದದ್ದು ಅವುಗಳೇ. ಆಡಿನಿಂದ ಕಾಯಲು ನಾವಿಬ್ಬರು!

ಸಾಹೇಬರು ದಂಡೆಯ ಮರವೊಂದನ್ನು ತಬ್ಬಿ ಫೋಟೊ ತೆಗೆಸಿಕೊಂಡರು. "ಇವು ನೋಡ್ರಿ, ಕಷ್ಟಪಟ್ಟು ಬೆಳದಾವ. ಒಳಗಿನವು ಸೋಮಾರಿ."

ಮರಕ್ಕೂ ಸೋಮಾರಿತನ ಅಂಟಿಸಿದ ಪುಣ್ಯಾತ್ಮ! ನಮ್ಮ ಕೂಡುಕುಟುಂಬದ ಮನೆಯಲ್ಲಿ ಒಬ್ಬನನ್ನು ಓದಿಸುವಷ್ಟೇ ಜೋಳವಿತ್ತು. ಏಳನೆಯ ತರಗತಿಯ ಮೇಲೆ ತಾಯಣ್ಣ ಸಾಲೆಗೆ ಹೋದ, ನಾನು ಎಮ್ಮೆಯ ಹಿಂದೆ. ನನಗೂ ಊರಲ್ಲಿ ಸೋಮಾರಿ ಎಂದೇ ಬಿರುದು.

ಸಾಹೇಬರು ನನ್ನತ್ತ ತಿರುಗಿದರು. "ಹಿಂಗ ಒತ್ತಾಗಿ ಹಚ್ಚಾಕ ಹೇಳಿದಾಂವ ಯಾರೋ? ಹೆಸರು ಹೇಳು, ನೌಕರಿ ನಿನಗ."

ತಾಯಣ್ಣನ ಮುಖ ಬಿಳಿಚಿತು. "ಅಣ್ಣಾ..." ಎಂದ. ಹುಟ್ಟಿದಾಗಿನಿಂದ ಅವನು ನನ್ನನ್ನು ಹಾಗೆ ಕರೆದವನೇ ಅಲ್ಲ.

"ಹೇಳಿಬಿಡಪಾ ಸೂಗಪ್ಪ," ಎಂದಳು ಆದೆಮ್ಮ, "ನಾವೆಲ್ಲ ಕಿವಿಯಾರೆ ಕೇಳೀವಿ. ಈಗರೆ ಬಾಯಿ ಬಿಡು!"

ಸಾಹೇಬರ ಮುಖದಲ್ಲಿ ಹುಂಜದ ಜಗಳ ನೋಡಲು ಬಂದವನ ಹುರುಪು. ತಾಯಣ್ಣನ ಕೆನ್ನೆಗೆ ಬಾರಿಸಬೇಕೆಂದು ಆಗಿನಿಂದ ಬಿಗಿದಿದ್ದ ಮುಷ್ಟಿ ಈಗ ಯಾವ ಕೆನ್ನೆಗೆ ಹೋದೀತೋ ಎಂದು ನನಗೇ ಹೆದರಿಕೆಯಾಯಿತು.

"ಬಾಯಾಗ ಏನ್ ಇಟ್ಕೊಂಡೀಲೇ? ಹೆಸರು ಹೇಳು!" ಎಂದು ಸಾಹೇಬರು ಗದರಿದರು.

ಹೆಗಲ ಮೇಲಿನ ಟವೆಲು ಕೊಡವಿ, ಬೇರೆ ಕೂಲಿ ಹುಡುಕಲು ಪೋತ್ನಾಳದ ರಸ್ತೆ ಹಿಡಿದೆ.